ಉಡಿ ತುಂಬಿ ಕಳಿಸಿದ ಉಪಗ್ರಹ

ನನಗೆ ಟೀವಿ ಆಗಿಬರುವುದಿಲ್ಲ. ಮನೆಯಲ್ಲೊಂದಿದೆ, ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದೇನೆ. ಆದರೆ ಎಪ್ಪತ್ತರ ದಶಕದ ನಡುವೆ ಒಂದು ವರ್ಷ ತಿಕೋಟಾದ ಸಾಲೆಯ ಟೀವಿಯ ಕೀಲಿಕೈ ನನ್ನ ಸೊಂಟದಲ್ಲಿತ್ತು. ನನ್ನ ಬಾಳಿನಲ್ಲಿ ಸಂಜೆಗಳು ಚೆನ್ನಾಗಿದ್ದ ವರ್ಷ ಅದೊಂದೇ.

ಮದುವೆಯಾಗಿ ಸೊಲ್ಲಾಪುರಕ್ಕೆ ಹೋದವಳು ಮೊದಲ ವರ್ಷದ ನಾಗರಪಂಚಮಿಗೆ ವಿಜಾಪುರದ ಅಣ್ಣನ ಮನೆಗೆ ಬಂದೆ. ಈಗ ವಿಜಯಪುರ ಅನ್ನಬೇಕಂತೆ, ನನ್ನ ನಾಲಿಗೆ ಇನ್ನೂ ಒಪ್ಪಿಲ್ಲ. ಹಬ್ಬಕ್ಕೆ ತವರಿಗೆ ಬಂದ ಹೆಣ್ಣನ್ನು ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ತಾನೇ ಹೊರಟು ನಿಲ್ಲುವುದು ನಮ್ಮ ಕಡೆ ಮರ್ಯಾದೆಯಲ್ಲ. ಜೋಕಾಲಿ ಬಿಚ್ಚಿದರು, ಡಬ್ಬಿಯೊಳಗಿನ ಶೇಂಗಾ ಉಂಡಿ ತೀರಿದವು, ದಸರೆ ಬಂತು, ದೀಪಾವಳಿ ಬಂತು, ಸೊಲ್ಲಾಪುರದಿಂದ ಯಾರೂ ಬರಲಿಲ್ಲ. ಜಗಳವಾಗಿರಲಿಲ್ಲ. ಬಿಟ್ಟಿದ್ದೇವೆಂದು ಹೇಳಿಯೂ ಕಳಿಸಲಿಲ್ಲ. ಅಣ್ಣ ಹೋಗಿ ಕೇಳಿದಾಗ ಚಹಾ ಕುಡಿಸಿ, “ನೋಡೂಣು ತಗೊರಿ” ಅಂದು ಕಳಿಸಿದರಂತೆ. ಆ ‘ನೋಡೂಣು’ ಅನ್ನುವ ಒಂದು ಮಾತು ಹಿಡಿದುಕೊಂಡು ನಾನು ಕಾಯತೊಡಗಿದೆ.

ಎರಡನೆಯ ಪಂಚಮಿಯೂ ದಾಟಿದ ಮೇಲೆ ಅಣ್ಣ ಯಾರಯಾರನ್ನೋ ಕಂಡು ನನಗೆ ತಿಕೋಟಾದ ಸಾಲೆಯಲ್ಲಿ ಕಲಿಸುವ ನೌಕರಿ ಕೊಡಿಸಿದ. ಸಾಲೆಯ ಗೋಡೆಗೆ ಹತ್ತಿದ ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ಮನೆಯ ಒಡತಿ ಗಂಡನಿಲ್ಲದ ಮುದುಕಿ, ಊರಿಗೆಲ್ಲ ಆಯಿ. ಮಗ ಆಗಷ್ಟೇ ದ್ರಾಕ್ಷಿ ಹಚ್ಚಿದ್ದ, ಊಟ ನಿದ್ದೆ ಎಲ್ಲ ತೋಟದಲ್ಲೇ. ಶನಿವಾರ ಮುಂಜಾನೆ ಸಾಲೆ ಬಿಟ್ಟ ಕೂಡಲೇ ನಾನು ವಿಜಾಪುರದ ಬಸ್ಸು ಹತ್ತುತ್ತಿದ್ದೆ. ಸೊಲ್ಲಾಪುರದವರು ಬಂದರೆ ಸೊಲ್ಲಾಪುರ ರಸ್ತೆಯ ಅಣ್ಣನ ಮನೆಗೇ ಬರುವುದು, ಆಗ ನಾನು ಅಲ್ಲಿರಬೇಕು ಎಂಬುದು ನನ್ನ ಹಟ. ಒಂದು ಶನಿವಾರವೂ ತಪ್ಪಿಸಲಿಲ್ಲ. ಆದಿತ್ಯವಾರ ಸಂಜೆ ಅದೇ ಚೀಲ ಹಿಡಿದು ಮರಳಿ ಬರುತ್ತಿದ್ದೆ. ವಾರದ ಉಳಿದ ಸಂಜೆಗಳಲ್ಲಿ ರೊಟ್ಟಿ ಬಡಿದು, ಒಬ್ಬಳೇ ಉಂಡು, ಕತ್ತಲಾಗುವುದನ್ನು ನೋಡುತ್ತ ಕೂತಿರುತ್ತಿದ್ದೆ.

ಹೀಗಿರುವಾಗ ಒಂದು ದಿನ ಜೀಪು ಬಂತು. ಸಾಲೆಯ ಅಂಗಳದಲ್ಲಿ ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ತಟ್ಟೆಯೊಂದನ್ನು ನಿಲ್ಲಿಸಿ ಆಕಾಶದ ಕಡೆ ತಿರುಗಿಸಿದರು, ಒಳಗೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಟೀವಿ ಇಟ್ಟರು. ಅಮೆರಿಕದವರು ತಮ್ಮದೊಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಕೊಟ್ಟಿದ್ದಾರೆ, ಅದು ಆಫ್ರಿಕಾದ ಮೇಲೆ ಬಹಳ ಎತ್ತರದಲ್ಲಿ ನಿಂತು ನಮ್ಮ ಹಳ್ಳಿಗಳಿಗೆ ಚಿತ್ರ ಕಳಿಸುತ್ತದೆ ಎಂದು ಜೀಪಿನವರು ತಿಳಿಸಿ ಹೇಳಿದರು. ಹೆಡ್‌ಮಾಸ್ತರರು ಬಬಲೇಶ್ವರದವರು. ಸಂಜೆಯ ಬಸ್ಸು ತಪ್ಪಿದರೆ ಅವರಿಗೆ ಪ್ರಾಣವೇ ಹೋದಂತೆ. ಕೀಲಿಕೈಯನ್ನು ನನ್ನ ಕೈಗೆ ಹಾಕಿ, “ನಿಮಗೇನ್ರಿ ಅಕ್ಕೋರ, ಇಲ್ಲೇ ಇರ್ತೀರಿ. ಹಿಂದಿಲ್ಲ, ಮುಂದಿಲ್ಲ” ಅಂದರು. ಆ ಮಾತಿಗೆ ಮೈಯೆಲ್ಲ ಉರಿಯಿತು, ಆದರೂ ಕೀಲಿಕೈ ಬಿಡಲಿಲ್ಲ.

ಅವತ್ತಿನಿಂದ ಸಂಜೆಯಾದರೆ ಅಂಗಳ ತುಂಬುತ್ತಿತ್ತು. ಗಂಡಸರು ಗೋಡೆಗೆ, ಹೆಣ್ಣುಮಕ್ಕಳು ಬೇವಿನ ಗಿಡದ ಕಡೆಗೆ, ಹುಡುಗರು ಪರದೆಯ ಮೂಗಿಗೇ. ಬಿತ್ತನೆ, ಗೊಬ್ಬರ, ಕೂಸಿಗೆ ಹಾಕಿಸುವ ಸೂಜಿ, ನಡುನಡುವೆ ಕುಣಿತ, ಹಾಡು. ಏನು ತೋರಿಸಿದರು ಎಂಬುದು ನನಗೆ ಅರ್ಧ ಮರೆತಿದೆ. ಪಕ್ಕದಲ್ಲಿ ಯಾರದೋ ತೊಡೆ ತಾಗಿಸಿಕೊಂಡು ಕೂತದ್ದು, ಯಾರೋ ಸೆರಗಿನಿಂದ ಹುರಿಗಡಲೆ ತೆಗೆದು ಕೈಗೆ ಸುರಿದದ್ದು ಮರೆತಿಲ್ಲ. ಟೀವಿಯಲ್ಲಿ ಮಾತಾಡುವುದು ಹೆಚ್ಚಾಗಿ ಹೆಣ್ಣುದನಿಯಾದ್ದರಿಂದ ಹೆಂಗಸರು ಉಪಗ್ರಹವನ್ನೇ ‘ಅಕಿ’ ಅನ್ನತೊಡಗಿದರು. ಅಕಿ ಇವತ್ತು ಏನಂದಳು, ಅಕಿ ಯಾಕೆ ಇನ್ನೂ ಬಂದಿಲ್ಲ.

ವರ್ಷ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ತಮ್ಮ ಕಡೆ ಸರಿಸಿಕೊಳ್ಳುತ್ತಾರೆಂದು ಜೀಪಿನವರು ಬಂದು ಹೇಳಿದರು. ಪಂಚಮಿ ಎದುರಿಗೇ ಇತ್ತು.

“ಪಂಚಮಿ ಮಾರಿ ಮುಂದ ಇಟ್ಕೊಂಡು ಹೆಣ್ಣಮಗಳನ್ನ ಯಾರರ ತವರಿನಿಂದ ಕಳಸ್ತಾರೇನ್ರಿ?” ಎಂದು ಆಯಿ ಜೀಪಿನವರನ್ನೇ ಕೇಳಿದಳು.

ಅವಳ ತವರು ಅಮೆರಿಕ, ನಾವೇ ಗಂಡನ ಮನೆಯವರು ಎಂದು ನಾನು ನಗುತ್ತ ತಿದ್ದಲು ಹೋದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷಕ್ಕೆಂದು ಬಂದು ಎಲ್ಲರ ಜೊತೆ ನಕ್ಕು ಹೋಗುವವಳು ಮಗಳಲ್ಲದೆ ಮತ್ತಿನ್ನಾರು? ಬರಿಗೈಲಿ ಕಳಿಸಬಾರದು, ಉಡಿ ತುಂಬಬೇಕು ಎಂದು ತೀರ್ಮಾನವಾಯಿತು. ಉಡಿ ತುಂಬಿಸಿಕೊಂಡು ಹೋದವಳು ತಿರುಗಿ ತವರಿಗೆ ಬಂದೇ ಬರುತ್ತಾಳೆ ಎಂದು ಅವರ ನಂಬಿಕೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲ ಬಂತು. ಅಕಿಯ ಪರವಾಗಿ ಅಂಗಳದ ತಂತಿ ತಟ್ಟೆಗೇ ಉಡಿ. ಅದರ ಜಾಳಿಗೆಯಲ್ಲಿ ಅಕ್ಕಿ ಸೋರಿಹೋಗುವುದರಿಂದ ಹೊಸ ಕುಪ್ಪಸದ ಖಣದಲ್ಲಿ ಗಂಟು ಕಟ್ಟಿದರು. ತುಂಬುವವರು ಮುತ್ತೈದೆಯಾಗಿರಬೇಕು. ಆಯಿ ತಾನಂತೂ ಮುಟ್ಟುವ ಹಾಗಿಲ್ಲ. ತಾಟನ್ನು ನನ್ನ ಕಡೆ ಸರಿಸಿದಳು.

“ಅಕ್ಕೋರ ತುಂಬ್ತಾರ.”

ಒಬ್ಬಾಕೆ ನನ್ನ ಕೊರಳು ನೋಡಿ, ಆಮೇಲೆ ನೆಲ ನೋಡಿದಳು.

“ಯಾಕ? ತಾಳಿ ಐತಿ, ಗಂಡ ಬದುಕ್ಯಾನ. ಮತ್ತೇನ ಬೇಕ ನಿಮಗ?” ಆಯಿಯ ದನಿ ಏರಲಿಲ್ಲ.

ನಾನು ಮುತ್ತೈದೆಯೋ ಅಲ್ಲವೋ ನನಗೇ ತಿಳಿಯದೆ ವರ್ಷಗಳಾಗಿದ್ದವು. ಕುಂಕುಮಕ್ಕೆ ಕರೆಯುವ ಮನೆಗಳು ಒಂದೊಂದೇ ಕಡಿಮೆಯಾಗಿದ್ದವು. ಇಡೀ ಊರಿನ ಎದುರು ಆ ಗಂಟನ್ನು ತಟ್ಟೆಯ ಅಂಚಿಗೆ ಕಟ್ಟಿ, ಕುಂಕುಮ ಹಚ್ಚಿ, “ಹೋಗಿ ಬಾರವ್ವಾ” ಅಂದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವತ್ತಿನಿಂದ ನನ್ನ ಶನಿವಾರಗಳಿಗೆ ಮತ್ತೆ ಜೀವ ಬಂತು.

ಜೀಪಿನವರು ಟೀವಿ ಒಯ್ದರು. ಜನ ಕೆಲವು ಸಂಜೆ ರೂಢಿಯ ಮೇಲೆ ಬಂದು, ಬೇವಿನ ಗಿಡದ ಕೆಳಗೆ ಅಷ್ಟು ಹೊತ್ತು ನಿಂತು ಹೋದರು. ಆಮೇಲೆ ಬರಲಿಲ್ಲ. ನಾನು ಮತ್ತೆ ಒಬ್ಬಳೇ ಉಣ್ಣತೊಡಗಿದೆ. ಮೊದಲೂ ಒಬ್ಬಳೇ ಉಣ್ಣುತ್ತಿದ್ದೆ, ಆದರೆ ಈ ಸಲ ತುತ್ತು ಇಳಿಯುತ್ತಿರಲಿಲ್ಲ.

ದಶಕದ ಕೊನೆಗೆ, ಅಮೆರಿಕದವರು ಆಕಾಶದಲ್ಲಿ ಬಿಟ್ಟಿದ್ದ ಸ್ಕೈಲ್ಯಾಬ್ ಭೂಮಿಗೆ ಬೀಳುತ್ತದೆಂಬ ಸುದ್ದಿ ಹಬ್ಬಿತು. ಎಲ್ಲ ಕಡೆ ಗಾಬರಿ. ಹೆಡ್‌ಮಾಸ್ತರರು ರಜೆ ಬರೆದು ಬಬಲೇಶ್ವರ ಸೇರಿದರು, ಸ್ಕೈಲ್ಯಾಬಿಗೆ ಆ ಊರಿನ ದಾರಿ ತಿಳಿಯದು ಅನ್ನುವ ಹಾಗೆ. ನಮ್ಮ ಓಣಿಯ ಹೆಂಗಸರು ಮಾತ್ರ ಅಂಜಲಿಲ್ಲ. ಮತ್ತೆ ಪಂಚಮಿ ಹತ್ತಿರ ಬಂದಿತ್ತಲ್ಲ.

“ನಮ್ಮಾಕಿನ ಅದು. ಹಬ್ಬಕ್ಕ ಬರಾಕತ್ತಾಳ,” ಅಂದಳು ಆಯಿ, ಮತ್ತು ಅಳ್ಳು ಹುರಿಯಲು ಜೋಳ ನೆನೆಹಾಕಿದಳು.

ಇದು ಬೇರೆ, ನಮ್ಮದು ಬೇರೆ ಎಂದು ಹೇಳಿ ಹೇಳಿ ಸೋತೆ. ಅದು ಎಲ್ಲೋ ಸಮುದ್ರದಲ್ಲಿ, ಆಸ್ಟ್ರೇಲಿಯಾದ ಕಡೆ ಬಿತ್ತು. ತವರು ಬಿಟ್ಟು ಬೇರೆಲ್ಲೋ ಇಳಿದಳಲ್ಲ ಎಂದು ಆಯಿಗೆ ಮನಸ್ಸು ಮುರಿಯಿತು. ಆ ಪಂಚಮಿಗೆ ಅವಳು ಉಂಡಿ ಕಟ್ಟಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಆದಿತ್ಯವಾರ, ಅಣ್ಣನ ಮನೆಯಿಂದ ಮರಳುವಾಗ ಸ್ಟೇಷನ್ ರಸ್ತೆಯಲ್ಲಿ ಪೇಪರ್ ಕೊಂಡೆ. ಒಳಪುಟದ ಮೂಲೆಯಲ್ಲಿ ನಾಲ್ಕಾರು ಸಾಲು ಸುದ್ದಿ ಇತ್ತು. ಹಿಂದೊಮ್ಮೆ ಭಾರತದ ಹಳ್ಳಿಗಳಿಗೆ ಟೀವಿ ತೋರಿಸಿದ ಉಪಗ್ರಹದ ಕೆಲಸ ಮುಗಿದಿತ್ತು. ತಿಕೋಟಾ ಬರುವ ತನಕ ಅದನ್ನೇ ಮತ್ತೆ ಮತ್ತೆ ಓದಿದೆ. ಬಸ್ಸಿಳಿದು ನೇರ ಆಯಿಯ ಕಡೆ ಹೋದೆ. ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಬಿದ್ದದ್ದು ನಮ್ಮದಲ್ಲ ಆಯಿ. ನಮ್ಮದು ಇನ್ನೂ ಮ್ಯಾಲೆ ಐತಿ.”

“ಹಂಗಾರ ಬರ್ತಾಳ?”

“ಇಲ್ಲ. ಎಣ್ಣಿ ತೀರಾಕ ಬಂದಿತ್ತು. ಅಲ್ಲೇ ಬಿಟ್ರ ದಾರ್ಯಾಗಿನ ಬ್ಯಾರೆ ಉಪಗ್ರಹಕ್ಕ ಹಾಯ್ತೈತಿ. ಎತ್ತಿನ ಕಾಲಾಗ ಕಸುವು ಇರೂದ್ರಾಗ ಗಾಡಿ ದಾರಿ ಬಿಟ್ಟು ಸರಸ್ತಾರಲ್ಲ, ಹಂಗ ಉಳದ ಎಣ್ಣಿ ಸುಟ್ಟು ಇನ್ನೂ ಮ್ಯಾಲೆ ಏರಿಸಿ ಬಿಟ್ಟಾರ.”

“ಕೆಳಗ ಇಳಸಬಾರ್ದಾಗಿತ್ತೇನು?”

“ಭಾಳ ದೂರ ಐತಿ. ತಿರುಗಿ ಬರೂವಷ್ಟು ಎಣ್ಣಿ ಯಾರೂ ಹಾಕಿ ಕಳಸಿರಂಗಿಲ್ಲ.”

“ಮಾತರ ಆಡ್ತಾಳೋ ಇಲ್ಲೋ?”

“ಅದನ್ನೂ ಬಂದ್ ಮಾಡ್ಯಾರ. ಉಳದವರ ಮಾತಿಗೆ ಅಡ್ಡ ಬರಬಾರ್ದಂತ.”

ಯಾರ ದಾರಿಗೂ ಅಡ್ಡವಾಗದ ಹಾಗೆ, ಯಾರಿಗೂ ಪೆಟ್ಟಾಗದ ಹಾಗೆ, ಬಹಳ ಕಾಳಜಿಯಿಂದ ದೂರ ಸರಿಸಿ ಇಡುವುದು. ಅಣ್ಣ ಓಡಾಡಿ ಕೊಡಿಸಿದ ನೌಕರಿ ನೆನಪಾಯಿತು. ಅವನು ಕೆಟ್ಟವನಲ್ಲ, ಅವನ ಮನೆಯಲ್ಲಿ ಜಾಗ ಇರಲಿಲ್ಲ, ಅಷ್ಟೇ.

ಆಯಿ ಮೊರ ಕೆಳಗಿಟ್ಟಳು. ನನ್ನ ಮುಖ ನೋಡಿದಳು.

“ಯವ್ವಾ, ನೀ ಇನ್ನೂ ಸೊಲ್ಲಾಪುರದವರ ದಾರಿ ನೋಡಾಕತ್ತಿ ಏನು?”

ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಇಲ್ಲ ಆಯಿ, ಅಂದೆ. ಅಂದ ಮೇಲೆ ಅದು ನಿಜವೆಂದು ನನಗೂ ತಿಳಿಯಿತು. ಹಗುರಾಯಿತೆಂದು ಹೇಳಲಾರೆ. ಮೈಯೊಳಗೆ ಏನೋ ಆರಿಹೋದಂತಾಗಿ ಅಲ್ಲೇ ಕೂತು ಅತ್ತೆ.

ಮುಂದಿನ ಶನಿವಾರ ಬಸ್ಸು ಹತ್ತಲಿಲ್ಲ. ಅದರ ಮುಂದಿನ ಶನಿವಾರವೂ ಹತ್ತಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅಣ್ಣನಾದರೂ ನೋಡಲು ಬಂದಾನು ಅಂದುಕೊಂಡೆ, ಬರಲಿಲ್ಲ. ದಸರೆಗೆ ಬನ್ನಿ ಕೊಡಲೆಂದು ನಾನೇ ಹೋದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಬಾಗಿಲು ತೆಗೆದು ಒಳಗೆ ತಿರುಗುತ್ತ, “ಹ್ವಾದ ವಾರ ಬಂದಾಗ ಹೇಳೂದು ಮರ್ತೆ ನೋಡು, ಹಿತ್ತಲದ ನಳ ಕೆಟ್ಟೈತಿ” ಅಂದರು. ಹೋದ ವಾರ ನಾನು ಬಂದಿರಲಿಲ್ಲ. ಅದರ ಹಿಂದಿನ ತಿಂಗಳಿಡೀ ಬಂದಿರಲಿಲ್ಲ. ಹೌದೇನ್ರಿ ಅಂದು, ಕೊಡ ತಗೊಂಡು ನೀರಿಗೆ ಹೋದೆ.