ಮಾವನ ಮೂಗಿಗೆ ನಾಲ್ಕು ಹನಿ

ನನ್ನ ಸೋದರಮಾವ ಕುರಕುಂಟಾದಲ್ಲಿ ಕಾಮಣಿ, ಅಂದರೆ ಕಾಮಾಲೆ ರೋಗಕ್ಕೆ ಔಷಧ ಹಾಕುತ್ತಿದ್ದ. ಹಿರಿಯರಿಗೆ ಬಹುವಚನ ಕೊಡಬೇಕೆಂದು ನನಗೂ ಗೊತ್ತು. ಎದುರಿಗೆ ಕೊಟ್ಟಿದ್ದೇನೆ, ಇಲ್ಲಿ ಇವನಿಗೆ ಕೊಡುವುದಿಲ್ಲ.

ಒಣಗಿದ ಕಹಿಹೀರೆ ಕಾಯಿಯನ್ನು ನೀರಿನಲ್ಲಿ ನೆನೆಯಿಟ್ಟು, ರವಿವಾರ ಬೆಳಿಗ್ಗೆ ಆ ನೀರನ್ನು ರೋಗಿಯ ಮೂಗಿಗೆ ಹನಿ ಹನಿಯಾಗಿ ಬಿಡುವುದು, ಅವನ ವಿದ್ಯೆ ಇಷ್ಟೇ. ಸ್ವಲ್ಪ ಹೊತ್ತಿಗೆ ಮೂಗಿನಿಂದ ಹಳದಿ ನೀರು ಸುರಿಯುತ್ತಿತ್ತು. ಅಂಗಳದ ಫರಶಿಯ ಮೇಲೆ ಸಾಲಾಗಿ ಕೂತವರು ತಮ್ಮ ರೋಗವೇ ತೊಟ್ಟಿಕ್ಕುತ್ತಿದೆ ಎಂದು ತಿಳಿದು ಅವನಿಗೆ ಕೈಮುಗಿಯುತ್ತಿದ್ದರು. ಚಿಂಚೋಳಿ, ಚಿತ್ತಾಪುರದ ಕಡೆಯಿಂದಲೂ ಜನ ಬರುತ್ತಿದ್ದರು. ಅವನು ಪೈಸೆ ಮುಟ್ಟುತ್ತಿರಲಿಲ್ಲ. ಪುಕ್ಕಟೆ ಪುಣ್ಯ ಮಾಡುವವನನ್ನು ಪ್ರಶ್ನೆ ಕೇಳುವವರಾದರೂ ಯಾರು?

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನ ಕಣ್ಣು ಹಳದಿಯಾದಾಗ ಅವ್ವ ಅವಳನ್ನು ತನ್ನ ಈ ಅಣ್ಣನ ಹತ್ತಿರವೇ ಕರೆದೊಯ್ದಳು. ಮನೆಯಲ್ಲೇ ವೈದ್ಯನಿರುವಾಗ ದವಾಖಾನೆಗೆ ಹೋದರೆ ಅವನ ಮರ್ಯಾದೆ ಏನಾಗಬೇಕು? ಮೂಗಿನಿಂದ ಹಳದಿ ಬಂತು. "ಬ್ಯಾನಿ ಹೊರಗ ಬಿತ್ತು, ಇನ್ನ ಅಂಜಬ್ಯಾಡ್ರಿ" ಎಂದ ಮಾವ. ಆ ಧೈರ್ಯದಲ್ಲೇ ವಾರ ಕಳೆಯಿತು. ಆಮೇಲೆ ಅಕ್ಕನಿಗೆ ಎಚ್ಚರ ತಪ್ಪಿತು. ಹೊಟ್ಟೆಯೊಳಗಿನ ಕೂಸಿನ ಸಮೇತ ಹೋದಳು.

ಮಣ್ಣು ಮಾಡಿ ಬಂದ ದಿನ ಮಾವ ಎಲ್ಲರೆದುರು ಅವ್ವನನ್ನು ಕೇಳಿದ, "ಪಥ್ಯ ಬರೋಬರಿ ಮಾಡ್ಸಿದ್ದೇನು?"

ಅವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಾಯಿ ಸಪ್ಪಗಾಗಿದೆ ಎಂದು ಅಕ್ಕ ಅತ್ತಾಗ ರೊಟ್ಟಿಯ ಜೊತೆ ಚಿಟಿಕೆ ಶೇಂಗಾಹಿಂಡಿ, ಅದೇ ಶೇಂಗಾ ಚಟ್ನಿಪುಡಿ, ಕೊಟ್ಟೆನೆಂದು ಹೇಳಿಬಿಟ್ಟಳು.

"ಮತ್ತ! ಎಣ್ಣಿ ಅಂಶ ಹೊಟ್ಟಿಗಿ ಹೋದ್ರ ನನ್ನ ಔಷಧ ಏನ್ ಮಾಡ್ತದ? ನಿನ್ನ ಕೈಯಾರ ಕೊಂದಿ ತಂಗಿ" ಎಂದ.

ಅಕ್ಕನ ಅತ್ತೆಮನೆಯವರೂ ಅದೇ ಮಾತು ಹಿಡಿದರು. ಆಮೇಲೆ ಯಾರ ಮನೆಯಿಂದ ಕುಬಸದ, ಸೀಮಂತದ ಕರೆ ಬಂದರೂ ಅವ್ವ ಹೋಗಲಿಲ್ಲ. ಬಸುರಿಯರು ಎದುರಾದರೆ ಸೆರಗು ಮುಖಕ್ಕೆಳೆದುಕೊಂಡು ಸರಿದು ನಿಲ್ಲುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ ನಾನು ಮಾವನ ಮೇಲೆ ಹಲ್ಲು ಮಸೆಯುತ್ತಿದ್ದೆ.

ಮೈಸೂರು ರಾಜ್ಯ ಕರ್ನಾಟಕವಾಯಿತು. ನಾನು ಸೇಡಂನಲ್ಲಿ ವಿಜ್ಞಾನದ ಟೀಚರಮ್ಮನಾದೆ, ಅವ್ವ ನನ್ನ ಜೊತೆಗೇ ಇದ್ದಳು. ಸಿಟ್ಟು ಮಾತ್ರ ಬದಲಾಗಲಿಲ್ಲ. ಪರಿಚಯದ ಡಾಕ್ಟರಮ್ಮನೊಬ್ಬರಿಗೆ ಎಲ್ಲವನ್ನೂ ಹೇಳಿದೆ.

"ಆ ನೀರು ಮೂಗಿನ ಒಳಚರ್ಮ ಸುಡ್ತದ ಮೇಡಂ, ಸುಟ್ಟಲ್ಲಿಂದ ನೀರು ಇಳಿತದ. ಅದು ಕಾಮಣಿ ಅಲ್ಲ" ಎಂದರು ಅವರು. "ಭಾಳ ಮಂದಿಗಿ ಕಾಮಣಿ ತಾನೇ ಇಳಿತದ, ಹೆಸರು ಔಷಧಕ್ಕ ಬರ್ತದ. ಗಿಡದಾಗ ಗುಣಾನೇ ಇಲ್ಲಂತ ನಾ ಅನ್ನಲ್ಲ. ಆದ್ರ ಬ್ಯಾನಿ ಇಲ್ಲದವರಿಗೂ ಹಾಕಿ ಯಾರರೆ ನೋಡ್ಯಾರೇನು? ಇನ್ನ ಬಸುರಿಗಿ ಕಾಮಣಿ ಅಂದ್ರ ಜೀವಕ್ಕೇ ಅಪಾಯ. ಚಿಟಿಕಿ ಹಿಂಡಿಯಿಂದ ಯಾರೂ ಸಾಯಲ್ಲ."

ನನಗೆ ಬೇಕಾದದ್ದು ಸಿಕ್ಕಿತು. ಮುಂದಿನ ರವಿವಾರ ಅವ್ವನನ್ನು ಹಟ ಮಾಡಿ ಹೊರಡಿಸಿಕೊಂಡು ಹೋಗಿ ಮಾವನ ಅಂಗಳದ ಸಾಲಿನಲ್ಲಿ ಕೂತೆ.

"ನಿನಗೆಲ್ಲಿ ಕಾಮಣಿ ಅದ?" ಎಂದ ಮಾವ ನನ್ನ ಕಣ್ಣು ನೋಡಿ.

"ಇಲ್ಲ. ಇಲ್ಲದವರಿಗಿ ಹಳದಿ ಬರಲ್ಲಂತ ನೀವೇ ಅಂತೀರಲ್ಲ, ಹಾಕ್ರಿ."

ಜನ ನೋಡುತ್ತಿದ್ದರು. ಹಾಕಿದ. ಮೆಣಸಿನಪುಡಿ ತುರುಕಿದಂತೆ ಉರಿಯಿತು, ತಲೆ ಸಿಡಿಯಿತು. ಸ್ವಲ್ಪ ಹೊತ್ತಿಗೆ ನನ್ನ ಮೂಗಿನಿಂದಲೂ ಅದೇ ಹಳದಿ ನೀರು ಫರಶಿಯ ಮೇಲೆ ಬಿತ್ತು.

"ಒಳಗ ಇತ್ತು, ಕಣ್ಣಿಗಿ ಕಂಡಿದ್ದಿಲ್ಲ" ಎಂದ, ನಾಚಿಕೆಯಿಲ್ಲದೆ.

"ಹಂಗಾದ್ರ ನೀವೂ ಹಾಕ್ಕೋರಿ ಮಾಮಾ. ನಿಮ್ಮೊಳಗೂ ಇರಬಹುದು."

ಸಾಲಿನಲ್ಲಿದ್ದವರು ನಕ್ಕರು. ಹಾಕಿಕೊಳ್ಳದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಹಾಕಿದವನು ತನ್ನ ಮೂಗಿಗೆ ಒಮ್ಮೆಯೂ ಬಿಟ್ಟುಕೊಂಡಿರಲಿಲ್ಲ. ಹೊಳ್ಳೆಗೆರಡರಂತೆ ನಾಲ್ಕು ಹನಿ. ಸೀನಿ ಸೀನಿ ತಲೆಯ ರುಮಾಲು ಕೆಳಗೆ ಬಿತ್ತು, ಹುರಿ ಮಾಡಿದ ಮೀಸೆಯಿಂದ ಹಳದಿ ನೀರು ಇಳಿಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಾನು ಕಣ್ತುಂಬ ನೋಡಿದೆ. ಇಂದಿಗೂ ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

ಅವ್ವ ಎದ್ದು ಅವನ ಮುಂದೆ ಬಂದು ನಿಂತಳು. "ಯಣ್ಣಾ, ನಿನಗ ಕಾಮಣಿ ಅದ ಏನು?"

ಅವನು ತಲೆಯೆತ್ತದೆ ಇಲ್ಲವೆಂದು ಕೈಯಾಡಿಸಿದ.

"ಹಂಗಾದ್ರ ಈ ಹಳದಿ ಬ್ಯಾನಿ ಅಲ್ಲ, ನನ್ನ ಹಿಂಡಿಯಿಂದ ನನ್ನ ಮಗಳು ಸತ್ತಿಲ್ಲ?"

ಮೀಸೆ ಒರೆಸಿಕೊಂಡು "ಇಲ್ಲ ತಂಗಿ" ಎಂದ. ಅಂಗಳಕ್ಕೆಲ್ಲ ಕೇಳಿಸಿತು.

ಗೆದ್ದೆನೆಂದುಕೊಂಡೆ. ಸೇಡಂಗೆ ಮರಳುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ದಾಟಿದ ಮೇಲೆ ನನ್ನ ಕೈ ಹಿಡಿದು ಕೇಳಿದಳು, "ಅಣ್ಣನ ಕಡಿಗಿ ಒಯ್ಯದ ಆವತ್ತೇ ದವಾಖಾನಿಗಿ ಒಯ್ದಿದ್ರ ಆಕಿ ಉಳಿತಿದ್ದಳೇನು?"

"ಇಲ್ಲ ಯವ್ವಾ, ಆಗೂ ಉಳಿತಿರಲಿಲ್ಲ" ಎಂದೆ. ಡಾಕ್ಟರಮ್ಮ ನನಗೆ ಹಾಗೆ ಹೇಳಿರಲಿಲ್ಲ. ಆ ಸುಳ್ಳಿನ ಪಾಪವೂ ಮಾವನ ತಲೆಗೇ ಇರಲಿ.