ಟೈರಿನ ಮೇಲೆ ಒಗೆಯುವ ಕಲ್ಲು

ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾದಲ್ಲಿ ಬಾಡಿಗೆ ಏರುತ್ತಲೇ ಇದ್ದ ಕಾಲ. ನಗರದೊಳಗಿನ ಬಿನ್ ಮಹಮೂದ್ ಬಡಾವಣೆಯಲ್ಲಿ ಒಂದು ಕೋಣೆಗೆ ಕೇಳುತ್ತಿದ್ದ ದುಡ್ಡಿಗೆ ನಮಗೆ ಊರಾಚೆ ಇಡೀ ಪೋರ್ಟಾ ಕ್ಯಾಬಿನ್ ಸಿಕ್ಕಿತ್ತು. ಒಂದು ಕಾಂಪೌಂಡು, ಒಳಗೆ ಬ್ಲಾಕಿನ ಮೇಲೆ ಕೂರಿಸಿದ ಐದು ತಗಡಿನ ಡಬ್ಬಿ, ಉಡುಪಿ ಕಡೆಯ ಐದು ಸಂಸಾರ. ಬಾಡಿಗೆ ಕುದುರಿಸಿದವನು ನಾನು. ಉಪಾಯ ಬೇಕಾದರೆ ನೀವೂ ಇಟ್ಟುಕೊಳ್ಳಿ: ಜುಲೈ ಮಧ್ಯಾಹ್ನ ಹೋಗಿ, ಎಸಿ ಇಲ್ಲದ ಕ್ಯಾಬಿನ್ನಿನೊಳಗೆ ಮಾಲೀಕರನ್ನು ನಿಲ್ಲಿಸಿಕೊಂಡು ನಿಧಾನವಾಗಿ ಮಾತಾಡಬೇಕು.

ನಮ್ಮ ಮಾಲೀಕರು ಹಿಂದಿ ಬಲ್ಲ ಅರಬ್ಬಿ ಮುದುಕರು. ಎಲ್ಲರಿಗೂ ಅವರು ಅರ್ಬಾಬ್, ಅಂದರೆ ಧಣಿ. ಒಂದು ಶುಕ್ರವಾರ ಬಂದವರೇ ಅಂಗಳದಲ್ಲಿ ಗಕ್ಕನೆ ನಿಂತರು. ಆ ಜಾಗದಲ್ಲಿ ಎತ್ತಿ ಒಯ್ಯುವಂಥದ್ದು ಮಾತ್ರ ಇರಬಹುದಂತೆ; ನೆಲಕ್ಕೆ ಅಂಟಿದ್ದು ಒಂದು ಕಂಡರೂ ತಪಾಸಣೆಯವರು ಐದೂ ಕ್ಯಾಬಿನ್ ಎಬ್ಬಿಸುತ್ತಾರಂತೆ. ಅಂಟಿದ್ದು ಇತ್ತು. ಮೂರನೆಯ ಕ್ಯಾಬಿನ್ನಿನ ಅಕ್ಕ ಬಾಗಿಲ ಮುಂದೆ ಒಗೆಯುವ ಕಲ್ಲು ಹಾಕಿಸಿ, ಬುಡಕ್ಕೆ ಸಿಮೆಂಟು ಮೆತ್ತಿಸಿದ್ದರು. ವಾಷಿಂಗ್ ಮೆಷಿನ್ ಬಟ್ಟೆಯನ್ನು ಬರೀ ಸುತ್ತಾಡಿಸುತ್ತದೆ, ಕೊಳೆ ತೆಗೆಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಉಳಿದ ನಾಲ್ಕು ಮನೆಯ ಹೆಂಗಸರೂ ಅದೇ ಮತದವರು, ನನ್ನ ಹೆಂಡತಿ ಸಮೇತ.

“ಒಂದು ವಾರ. ಕಲ್ಲು ಇದ್ದರೆ ನೀವೆಲ್ಲ ಖಲಾಸ್” ಎಂದರು ಅರ್ಬಾಬ್.

ಚಹಾ ಕುಡಿಸಿ ಒಂದು ವಾರವನ್ನು ಎರಡು ಮಾಡಿಸಿದೆ. ಅದು ಸುಲಭದ ಕೆಲಸ. ಅಕ್ಕನ ಎದುರು ನನ್ನ ವಿದ್ಯೆ ನಡೆಯಲಿಲ್ಲ. ಹೊಸ ಮೆಷಿನ್ ಹೋಲ್‌ಸೇಲ್ ರೇಟಿಗೆ ತರಿಸುತ್ತೇನೆಂದೆ, ಬೇಡವೆಂದು ತಲೆಯಾಡಿಸಿದರು. ಕೊನೆಗೆ ನೇರ ಕೇಳಿದೆ, “ಅಕ್ಕಾ, ನಿಮಗೆ ಕಲ್ಲು ಬೇಕಾ, ಮನೆ ಬೇಕಾ?”

“ಒಗೆಯುವ ಕಲ್ಲಿಲ್ಲದ್ದು ಎಂಥ ಮನೆ ಮಾರಾಯ್ರೆ? ನಿಮ್ಮ ಪ್ಯಾಂಟಿನ ಗ್ರೀಸು ಅರ್ಬಾಬ್ ಬಂದು ತೆಗೀತಾರಾ?”

ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು ಇದಕ್ಕೆ ಏನು ಉತ್ತರ ಕೊಡಬೇಕು?

ಉತ್ತರ ಅಂಗಡಿಯ ಹಿಂದೆಯೇ ಬಿದ್ದಿತ್ತು: ಹಳೆಯ ಲಾರಿ ಟೈರುಗಳು. ಎರಡನ್ನು ಪಿಕಪ್ಪಿನಲ್ಲಿ ತಂದು ಮರಳು ತುಂಬಿಸಿದೆ. ಐವರು ಗಂಡಸರು ಸೇರಿ ಸಿಮೆಂಟು ಒಡೆದು ಕಲ್ಲನ್ನು ಟೈರಿನ ಮೇಲೆ ಕೂರಿಸಿದೆವು. ಅಕ್ಕ ಒಂದು ಬೆಡ್‌ಶೀಟ್ ಕುಕ್ಕಿ ನೋಡಿ, ಸ್ವಲ್ಪ ಕುಣಿಯುತ್ತದೆ, ಆದರೆ ಸೊಂಟಕ್ಕೆ ಸರಿಯಾದ ಎತ್ತರ ಎಂದು ಪಾಸು ಮಾಡಿದರು.

ಗಡುವಿನ ದಿನ ಅರ್ಬಾಬ್ ಬಂದು ಕಲ್ಲನ್ನು ಕೋಲಿನಿಂದ ತಳ್ಳಿದರು. ಅಲುಗಲಿಲ್ಲ. ನನ್ನನ್ನು ನೋಡಿದರು. ಯಲ್ಲಾ, ನಡೀರಿ ಎಂದು ನಾವು ಐವರೂ ಕೈಹಾಕಿ ಟೈರು ಸಮೇತ ಮೂರು ಮೊಳ ಸರಿಸಿ ತೋರಿಸಿದೆವು. ಮುದುಕರ ಗಡ್ಡ ನಗುವಿನಲ್ಲಿ ಕುಣಿಯಿತು. ಇರಿ ಎಂದರು, ಆದರೆ ಕಲ್ಲು ಒಂದೇ ಕಡೆ ಬೇರೂರಬಾರದು, ತಿಂಗಳಿಗೊಮ್ಮೆ ಜಾಗ ಬದಲಿಸಬೇಕು. ನಾನು ಕೂಡಲೇ ಒಪ್ಪಿಕೊಂಡೆ.

“ಆಗಬಹುದು, ಒಪ್ಪಿದವರೇ ಹೊರಲಿ” ಎಂದರು ಅಕ್ಕ, ನನ್ನ ಕಡೆ ನೋಡಿ.

ತಿಂಗಳಿಗೊಮ್ಮೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಮಾಡಿಸಲು ನಾನು ಅರ್ಬಾಬರ ಕಾರಿನವರೆಗೂ ಹಿಂದೆಯೇ ಹೋದೆ.