ಅಜ್ಜಿಯ ಎರಡು ಗುಂಡು

ನಮ್ಮ ಕಡೆ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದರ ಹಿಂದೊಂದು ಎರಡು ಗುಂಡು ಹಾರಿಸುತ್ತಾರೆ. ಕಿವಿಗೆ ಬಿದ್ದವರು ನೇಗಿಲು ಬಿಟ್ಟು, ಒಲೆ ಆರಿಸಿ ಬರಬೇಕು. ಬಂದು ಸೌದೆ ಒಟ್ಟಬೇಕು, ಹೆಣಕ್ಕೆ ಹೆಗಲು ಕೊಡಬೇಕು. ಕರೆಯಲು ಯಾರೂ ಹೋಗುವುದಿಲ್ಲ.

ಶ್ರೀಮಂಗಲದ ಆಚೆ ಅಪ್ಪ ಲೆಕ್ಕ, ಹಾಜರಿ ನೋಡುವ ರೈಟರಾಗಿದ್ದ ಕಾಫಿ ಎಸ್ಟೇಟಿಗೆ ಹೊಸದಾಗಿ ಬಂದ ಬಿಳಿ ದೊರೆಗೆ ಇದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಬಂಗಲೆಯ ಹಿಂದೆ ಕಾಡುಕೋಳಿ ಕಂಡು ಎರಡು ಗುಂಡು ಹಾರಿಸಿದ. ಸ್ವಲ್ಪ ಹೊತ್ತಿಗೆಲ್ಲ ಸುತ್ತಲ ಮನೆಯವರು, ಹೆಂಗಸರು ಬಿಳಿ ಸೀರೆ ಉಟ್ಟು, ಬಂಗಲೆಯ ಮುಂದೆ ನೆರೆದರು. ದೊರೆಸಾನಿ ಟೀ ಕುಡಿಯುತ್ತಿದ್ದಳು. ಒಬ್ಬ ಮುದುಕ ಅವಳನ್ನೇ ಕೇಳಿದ, "ತೀರಿಹೋದದ್ದು ಯಾರಮ್ಮಾ, ದೊರೆಗಳಾ?"

ನಾವು ನಕ್ಕು ಸುಸ್ತಾದೆವು. ದೊರೆ ನಗಲಿಲ್ಲ. ಮರುದಿನ ಆಳುಗಳ ಹಾಜರಿಯ ಹೊತ್ತಿಗೆ ಹೊಸ ಕಾಯಿದೆ ಸಾರಲು ಅಪ್ಪನಿಗೆ ಹೇಳಿದ. ಇನ್ನು ಎಸ್ಟೇಟಿನ ಗಡಿಯೊಳಗೆ ದೊರೆಯ ಹೊರತು ಯಾರೂ ಕೋವಿ ಹಾರಿಸಕೂಡದು, ಕಂಪೆನಿಗೆ ಶಿಸ್ತೇ ಮುಖ್ಯ. ತಪ್ಪು ಅವನದು, ಶಿಸ್ತು ನಮಗೆ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ಸಾವಾದ್ರೆ ಎಂಥ ಮಾಡೋದು, ದೊರೆಗಳೇ?" ಅಪ್ಪ ಕೇಳಿದರು.

"ಆಳು ಕಳಿಸಿ ಹೇಳು."

ಅಪ್ಪ ಸಾರಲಿಲ್ಲ. ಗೋದಾಮಿನ ಬೀಗದ ಕೈಗಳನ್ನು ಬಂಗಲೆಯ ಜಗಲಿಯ ಮೇಲಿಟ್ಟು, "ಇದನ್ನ ನನ್ನ ಬಾಯಲ್ಲಿ ಹೇಳಕ್ಕಾಗಲ್ಲ. ಬೇರೆ ರೈಟರನ್ನ ನೋಡ್ಕೊಳ್ಳಿ" ಎಂದು ಬಂದುಬಿಟ್ಟರು.

ಎಸ್ಟೇಟು ಕೊಟ್ಟ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅಲ್ಲೇ ಗುಮಾಸ್ತರಾಗಿದ್ದ ಚಿಕ್ಕಪ್ಪ ಓಡಿಬಂದರು. ಅವರು ಅಪ್ಪನ ದಾಯಾದಿ ತಮ್ಮ. ತಾಯಿಯಿಲ್ಲದ ಅವರನ್ನು ಅಜ್ಜಿಯೇ ಸಾಕಿ ಬೆಳೆಸಿದ್ದಳು.

"ಯಾರೂ ಸತ್ತಿಲ್ಲ ಅಣ್ಣಾ, ಈಗಲೇ ಯಾಕೆ ಕೆಲಸ ಬಿಡೋದು?"

"ಅವ್ವ ಸತ್ತ ಮೇಲೆ ಬಿಟ್ರೆ ಅವ್ವನಿಗೋಸ್ಕರ ಬಿಟ್ಟ ಹಾಗಾಗ್ತದೆ. ಕಾಯಿದೆಯೇ ಸರಿಯಿಲ್ಲ ಅಂತ ಬಿಟ್ಟದ್ದು ನಾನು."

ಮರುದಿನ ಅದೇ ಕಾಯಿದೆಯನ್ನು ಸಾರಿದವರು ಚಿಕ್ಕಪ್ಪ. ಬೀಗದ ಕೈಗಳೂ ಅವರ ಸೊಂಟಕ್ಕೆ ಬಂದವು. ಅಜ್ಜಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ನಾವು ಗಡಿಯಾಚೆಯ ಹುಲ್ಲುಮನೆಗೆ ಹೋದೆವು. ತಾಯಿಗೆ ಹುಷಾರಿಲ್ಲವೆಂದು ರೈಟರು ತಾವಾಗಿಯೇ ಕೆಲಸ ಬಿಟ್ಟರು ಅಂತ ಕಂಪೆನಿ ಊರೆಲ್ಲ ಹೇಳಿಸಿತು. ಎಂಥ ನಾಚಿಕೆಗೆಟ್ಟ ಮಾತು! ಅಪ್ಪ ಕೊಟ್ಟ ಕಾರಣವನ್ನೂ ಅವರು ಕಿತ್ತುಕೊಂಡರು. ಜನ ಅದನ್ನೇ ನಂಬಿ, ಅಪ್ಪನನ್ನು ಕಂಡಾಗೆಲ್ಲ ಅಜ್ಜಿಯ ಆರೋಗ್ಯ ವಿಚಾರಿಸುತ್ತಿದ್ದರು. ದೊರೆಯಂತೂ ದಿನ ಬೆಳಗಾದರೆ ಕೋವಿ ಹಿಡಿದು ಕೋಳಿ ಹೊಡೆಯುತ್ತ ತೋಟ ಸುತ್ತುತ್ತಿದ್ದ.

ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಒಂದು ಬೆಳಿಗ್ಗೆ ಅಜ್ಜಿ ತೀರಿಹೋದಳು. ಅಪ್ಪ ಅಂಗಳಕ್ಕೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ಎರಡು ಗುಂಡು ಹಾರಿಸಿದರು. ಗದ್ದೆಯ ಕಡೆಯಿಂದ ಜನ ಬಂದರು, ಹೊಳೆಯಾಚೆಯಿಂದ ಬಂದರು. ಎಸ್ಟೇಟಿನಿಂದ ಒಬ್ಬರೂ ಬರಲಿಲ್ಲ. ಅಪ್ಪ ಆ ದಾರಿಯನ್ನೇ ನೋಡುತ್ತ ಸಾಧ್ಯವಾದಷ್ಟು ಹೊತ್ತು ಹೆಣ ಎತ್ತಲು ಬಿಡಲಿಲ್ಲ.

ಚಿತೆ ಉರಿದು ಮುಗಿದ ಮೇಲೆ, ಸಂಜೆ, ಯಾರೋ ಹೇಳಿದ್ದು ಕೇಳಿ ಚಿಕ್ಕಪ್ಪ ಏದುಸಿರು ಬಿಡುತ್ತ ಬಂದರು.

"ಗುಂಡು ಕೇಳಿಸಲಿಲ್ವಾ?" ಅಪ್ಪ ಕೇಳಿದರು.

"ಕೇಳಿಸ್ತು ಅಣ್ಣಾ. ದೊರೆ ಕೋಳಿ ಹೊಡೆದ್ರು ಅಂತ ಗ್ರಹಿಸಿದೆ."

ಅವರು ಸುಳ್ಳು ಹೇಳಲಿಲ್ಲ. ಆ ಕಂಪೆನಿಯನ್ನು ನಾನು ಕ್ಷಮಿಸದಿರುವುದು ಅದಕ್ಕೇ.